ಸತ್ತವರ ಪಾಲಿನ ಮಾಫಿ

ಹತ್ತು ವರ್ಷದ ಮಿನಾಜ್ ಮೇಲೆ ಬುರ್ಹಾನುದ್ದೀನ್ ತನ್ನ ಅಕ್ಕಿ ಗೋದಾಮಿನಲ್ಲಿ ಲೈಂಗಿಕ ದೌರ್ಜನ್ಯ ನಡೆಸಿದ. ಅವನು ಅವಳ ತೀರಿಹೋದ ತಂದೆಯ ಅಣ್ಣ; ಮನೆಯ ಮಕ್ಕಳಿಗೆ ಬಡೇ ಅಬ್ಬಾ. ಅಂದು ಸಂಜೆ ಅವಳ ತಾಯಿ ಅಮೀರ್ ಬೀ ಮಗಳ ಬಟ್ಟೆಗಳನ್ನು ಒಗೆದು ಒಣಹಾಕಿದಳು. ಯಾರಿಗೂ ಹೇಳಬೇಡ ಅಂದಳು. ಇದು ಹನ್ನೆರಡು ವರ್ಷದ ಹಿಂದಿನ ಮಾತು.

“ಬಲಗಡಿಂದ ಹಾಕವ್ವಾ. ಬಲಗಡಿ ಮೊದ್ಲು,” ಎಂದಳು ಹಸೀನಾ ಬೇಗಂ.

ಮಿನಾಜ್ ತಂಬಿಗೆಯನ್ನು ಬಲಕ್ಕೆ ತಂದು, ತಾಯಿಯ ಮೈಗೆ ಹೊದಿಸಿದ್ದ ಬಟ್ಟೆಯ ಮೇಲೆ ನಿಧಾನವಾಗಿ ನೀರು ಸುರಿದಳು. ಬೋರೆ ಗಿಡದ ಎಲೆ ಹಾಕಿ ಕಾಯಿಸಿದ ನೀರು. ಮಾನ್ವಿಯ ಆ ಮನೆಯ ಹಿತ್ತಿಲಲ್ಲಿ ನಾಲ್ಕು ಕಡೆ ಚಾದರ ಕಟ್ಟಿ ಮರೆ ಮಾಡಿದ್ದರು. ನಸುಕಿನಲ್ಲಿ ಎದೆನೋವೆಂದು ಎದ್ದು ಕೂತ ಅಮೀರ್ ಬೀ, ಮಗ ಆಟೋ ತರುವುದರೊಳಗೆ ಹೋಗಿಬಿಟ್ಟಿದ್ದಳು. ವಯಸ್ಸು ಐವತ್ತಾರು. ಮಿನಾಜ್ ರಾಯಚೂರಿನಿಂದ ಮೊದಲ ಬಸ್ಸಿಗೆ ಬಂದಿದ್ದಳು. ಈ ಮನೆಗೆ ಅವಳು ಕಾಲಿಟ್ಟು ನಾಲ್ಕು ವರ್ಷವಾಗಿತ್ತು.

ಓಣಿಯಲ್ಲಿ ತೀರಿಕೊಂಡ ಹೆಣ್ಣುಮಕ್ಕಳ ಮಯ್ಯತ್ತಿಗೆಲ್ಲ ನೀರು ಹಾಕುವವಳು ಹಸೀನಾ ಬೇಗಂ. ಅವಳ ಕೈಯಷ್ಟೇ ಚುರುಕು ಅವಳ ಬಾಯಿ. “ನನ್ನ ಕಡಿಂದ ಬೈಸ್ಕೊಳ್ಳದ ಒಂದು ದಿನ ಬಸ್ ಹತ್ತಿಲ್ಲ ನಿಮ್ಮಮ್ಮೀ. ಚಾ ಕುಡ್ಯಾಕ ಕೂಡು ಅಂದ್ರ ಕೂಡ್ತಿರಲಿಲ್ಲ, ರಾಯಚೂರಿನ್ಯಾಗ ಕೂಸುಗಳು ಕಾಯಾಕತ್ತಾವ ಅಂತ ಓಡಾಕಿ. ಇವತ್ತು ನೋಡು, ಎಷ್ಟು ಪುರ್ಸತ್ತಾಗಿ ಮಲ್ಕೊಂಡಾಳ.”

ಚಾದರದ ಆಚೆಯಿಂದ ಮಿನಾಜ್‌ಳ ಅಣ್ಣ ಮುದಸ್ಸಿರ್ ಕೆಮ್ಮಿದ. “ಆತೇನು ಖಾಲಾ? ಮಧ್ಯಾನ ಜುಹರ್ ನಮಾಜಿನ ಹೊತ್ತಿಗೆ ಒಯ್ಯಬೇಕು.”

“ತಡಿಯೋ. ಅಕಿಗೇನು ಬಸ್ ತಪ್ಪಾಕತ್ತದೇನು?”

ಮುದಸ್ಸಿರ್ ಹೋಗಲಿಲ್ಲ. ಚಾದರದ ಕೆಳಗೆ ಅವನ ಪಾದಗಳು ಕಾಣುತ್ತಿದ್ದವು. “ಮಿನಾಜ್,” ಎಂದ ದನಿ ತಗ್ಗಿಸಿ. “ಆಮ್ಯಾಲೆ ಒಂದು ಮಾತದ.”

ಯಾವ ಮಾತೆಂದು ಮಿನಾಜ್ ಕೇಳಲಿಲ್ಲ. ಮರುದಿನ, ಸೋಮವಾರ, ರಾಯಚೂರಿನ ಕೋರ್ಟಿನಲ್ಲಿ ಬುರ್ಹಾನುದ್ದೀನನ ಮೇಲಿನ ಕೇಸಿನ ಸಾಕ್ಷಿ ಇತ್ತು. ಅಮೀರ್ ಬೀ ಕಟಕಟೆಯಲ್ಲಿ ನಿಂತು, ಆ ಸಂಜೆ ತಾನು ಏನು ನೋಡಿದೆ, ಏನು ಒಗೆದೆ, ಮಗಳಿಗೆ ಏನು ಹೇಳಿದೆ ಎಂದು ಹೇಳಬೇಕಿತ್ತು. ಮಿನಾಜ್‌ಳನ್ನೂ ಅವಳನ್ನೂ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

*

ರಾಯಚೂರಿನ ಆ ಮಕ್ಕಳ ಕೇಂದ್ರಕ್ಕೆ ಬೋರ್ಡು ಇಲ್ಲ. ಒಳಗೆ ಹೋಗುವ ಕೂಸು ಯಾಕೆ ಹೋಗುತ್ತದೆಂದು ಓಣಿಗೆ ತಿಳಿಯಬಾರದು. ಎಂಟು ವರ್ಷದ ಹಿಂದೆ ಅಮೀರ್ ಬೀ ಅಲ್ಲಿಗೆ ಆಯಾ ಆಗಿ ಸೇರಿದಾಗ ಅದೊಂದು ಹಳೆಯ ಬಾಡಿಗೆ ಮನೆ. ಒಂದು ಕೋಣೆಯಲ್ಲಿ ಗಿಡ್ಡ ಮೇಜು, ಗಿಡ್ಡ ಕುರ್ಚಿ, ಬಣ್ಣದ ಪೆನ್ಸಿಲು, ಗೋಡೆಯಲ್ಲಿ ಕ್ಯಾಮೆರಾ. ಕೂಸು ತನಗಾದದ್ದನ್ನು ಅಲ್ಲಿ ಒಮ್ಮೆ ಹೇಳುತ್ತದೆ, ಒಬ್ಬರ ಮುಂದೆ ಹೇಳುತ್ತದೆ. ಪೊಲೀಸರು, ಡಾಕ್ಟರು, ವಕೀಲರು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಆಸ್ಪತ್ರೆಗೆ, ಕೋರ್ಟಿಗೆ, ಮತ್ತೆ ಸಾಲೆಗೆ ಹೋಗುವಾಗ ಕೇಂದ್ರದ ಒಬ್ಬರು ಜೊತೆಗಿರುತ್ತಾರೆ. ಇಷ್ಟೇ ಅದರ ಕೆಲಸ. ಈ ಇಷ್ಟಕ್ಕೂ ವರ್ಷಕ್ಕೊಮ್ಮೆ ಮೇಲಿನವರು ಬಂದು, ಇದೆಲ್ಲ ಯಾಕೆ ಬೇಕು ಎಂದು ಕೇಳಿ ಹೋಗುತ್ತಿದ್ದರು.

ಅಮೀರ್ ಬೀ ಕಸ ಹೊಡೆಯುತ್ತಿದ್ದಳು, ಚಹಾ ಮಾಡುತ್ತಿದ್ದಳು, ಕೂಸು ಒಳಗೆ ಹೋದಾಗ ಅದರ ತಾಯಿಯ ಜೊತೆ ಪಡಸಾಲೆಯಲ್ಲಿ ಕೂರುತ್ತಿದ್ದಳು. ಒಳಗಿನ ಆಪ್ತ ಸಮಾಲೋಚಕಿ ಸುಜಾತಾ ತಾಯಂದಿರಿಗೆ ಹೇಳುವುದು ಅವಳಿಗೆ ದಿನಾ ಕೇಳುತ್ತಿತ್ತು: “ಯಾಕ ಮೊದ್ಲ ಹೇಳಲಿಲ್ಲ ಅಂತ ಕೂಸಿಗೆ ಕೇಳಬ್ಯಾಡ್ರಿ. ಹೇಳಿದ್ದು ಛಲೋ ಮಾಡಿದಿ ಅನ್ರಿ. ನಿಂದೇನೂ ತಪ್ಪಿಲ್ಲ ಅನ್ರಿ.”

ಏಳು ವರ್ಷ ಅಮೀರ್ ಬೀ ಇದನ್ನು ಕೇಳಿಸಿಕೊಂಡಳು. ಏಳು ವರ್ಷ ಸಂಜೆ ಬಸ್ಸು ಹತ್ತಿ ಮಾನ್ವಿಗೆ, ಬುರ್ಹಾನುದ್ದೀನನ ಹೆಸರಿನಲ್ಲಿದ್ದ ಮನೆಗೆ ವಾಪಸು ಬಂದಳು. ಮಗ ಅವನ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ಈದಿನ ದಿನ ಆ ಬುರ್ಹಾನುದ್ದೀನನಿಗೇ ಶಾವಿಗೆ ಖೀರು ಬಡಿಸುತ್ತಿದ್ದಳು. ಮಿನಾಜ್ ಹದಿನೆಂಟು ತುಂಬಿದ ತಿಂಗಳೇ ರಾಯಚೂರಿನ ಟೈಪಿಂಗ್ ಅಂಗಡಿಯೊಂದರಲ್ಲಿ ಕೆಲಸ ಹಿಡಿದು ಹೊರಟುಹೋಗಿದ್ದಳು. ತಾಯಿಯ ಕೇಂದ್ರಕ್ಕೂ ಮಗಳ ಅಂಗಡಿಗೂ ನಡುವೆ ಕಾಲು ತಾಸಿನ ದಾರಿ. ಇಬ್ಬರೂ ಅದನ್ನು ನಡೆಯಲಿಲ್ಲ.

*

ಹನ್ನೊಂದಕ್ಕೆ ಸುಜಾತಾ ಬಂದಳು. ಜೊತೆಗೆ ದೇವದುರ್ಗದ ಕಡೆಯ ಯಮನಮ್ಮ. ಭತ್ತದ ನಾಟಿಯಿಂದ ನೇರ ಬಂದವಳಂತೆ ಸೀರೆಯ ಅಂಚಿಗೆ ಕೆಸರು ಒಣಗಿತ್ತು. ಯಮನಮ್ಮನ ಒಂಬತ್ತು ವರ್ಷದ ಮಗಳು ಆ ಕೇಂದ್ರದಲ್ಲಿ ಮಾತಾಡಿದ ಮಕ್ಕಳಲ್ಲಿ ಒಬ್ಬಳು. ಆ ಹುಡುಗಿಯ ಹೆಸರು ಇಲ್ಲಿ ಬೇಡ.

ಕಫನ್ ತೊಡಿಸಿ ಮಲಗಿಸಿದ್ದ ಅಮೀರ್ ಬೀಯ ಸುತ್ತ ಹೆಂಗಸರು ಕೂತಿದ್ದರು. ಯಮನಮ್ಮ ಬಾಗಿಲಲ್ಲೇ ಹಿಂಜರಿದು ನಿಂತಳು. “ನಾ ಒಳಗ ಬರಬಹುದೇನ್ರಿ? ನಿಮ್ಮ ಪದ್ಧತಿ ನನಗ ತಿಳಿಯಂಗಿಲ್ಲ.”

“ಬಾರವ್ವಾ,” ಎಂದಳು ಹಸೀನಾ ಬೇಗಂ. “ಸತ್ತಾಕಿ ನಿನ್ನ ನೋಡಿದ್ರ ಎದ್ದು ಚಾ ಇಡ್ತಿದ್ಲು.”

“ಇಡ್ತಿದ್ಲು ಖರೆ. ಪೊಲೀಸ್ರಿಗೆ ಮಾತ್ರ ಇಡ್ತಿರಲಿಲ್ಲ,” ಎಂದಳು ಯಮನಮ್ಮ, ಕೂರುತ್ತ. “ನಮ್ಮ ಕೂಸು ಖಾಕಿ ನೋಡಿದ್ರ ಉಚ್ಚಿ ಹೊಯ್ಕೊಂತಿತ್ತು. ಡ್ರೆಸ್ ಹಾಕ್ಕೊಂಡು ಬರಬಾರ್ದಂತ ಅಲ್ಲಿ ಕಾನೂನದ. ಒಂದಿನ ಸಾಹೇಬ್ರು ಹಂಗ ಬಂದ್ರು. ಈ ಯವ್ವ ಗೇಟಿನ್ಯಾಗ ಅಡ್ಡ ನಿಂತ್ಲು. ಗೇಟಿನ ಒಳಗ ಮೊಳಿಗೆ ಮಗನ ಹಳಿ ಅಂಗಿ ಒಂದು ನೇತ ಹಾಕಿದ್ಲು. ತಗೊಂಡು, ಸಾಹೇಬ್ರ, ಇದು ತೊಟ್ಕೊಂಡು ಬರ್ರಿ, ಗುಂಡಿ ಹತ್ತಲಿಲ್ಲಂದ್ರ ಚಾದರ ಕೊಡ್ತೀನಿ ಅಂದ್ಲು. ಅವರ ಹೊಟ್ಟಿ ಇಷ್ಟು! ಆ ಅಂಗಿ ತೊಟ್ಕೊಂಡು ಉಸಿರು ಬಿಗಿ ಹಿಡ್ಕೊಂಡು ಕುಂತಿದ್ರು.”

ಹೆಂಗಸರು ಸೆರಗಿನಲ್ಲಿ ನಕ್ಕರು, ನಕ್ಕದ್ದಕ್ಕೆ ಅತ್ತರು. ಮಿನಾಜ್‌ಗೆ ಈ ಹೆಂಗಸು ಹೇಳುವ ಅಮೀರ್ ಬೀ ಗೊತ್ತೇ ಇರಲಿಲ್ಲ. ಅವಳಿಗೆ ಗೊತ್ತಿದ್ದವಳು ಯಾರಿಗೂ ಅಡ್ಡ ನಿಂತವಳಲ್ಲ.

ಸುಜಾತಾ ಅವಳನ್ನು ಅಡುಗೆಮನೆಗೆ ಕರೆದಳು. ಸುಜಾತಾಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಹಿಂದಿನ ದಿನ ಎರಡು ಹೊಸ ಮಕ್ಕಳು ಬಂದಿದ್ದವು.

“ಮಿನಾಜ್, ಅಮ್ಮ ಪೊಲೀಸ್ರ ಮುಂದ ಹೇಳ್ಯಾರ. ಆದ್ರ ಕೋರ್ಟಿನ್ಯಾಗ ಹೇಳೋದ್ರೊಳಗ ಹೋದ್ರು. ಆ ಕಾಗದಕ್ಕ ಇನ್ನ ಬಲ ಇಲ್ಲ. ಉಳಿದಾಕಿ ನೀನೊಬ್ಬಾಕಿ. ನಾಳೆ ಆಗಂಗಿಲ್ಲ ಅಂದ್ರ ಬ್ಯಾರೆ ತಾರೀಖು ಕೇಳೋಣು.”

“ಬ್ಯಾರೆ ತಾರೀಖಿಗೆ ಅಮ್ಮೀ ಬರ್ತಾಳೇನ್ರಿ ಮೇಡಂ?”

ಸುಜಾತಾ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ಬೇವಿನ ಮರದ ಕೆಳಗೆ ಗಂಡಸರು ಕುರ್ಚಿ ಹಾಕಿ ಕೂತಿದ್ದರು. ನಡುವೆ ಬುರ್ಹಾನುದ್ದೀನ್. ಬಿಳಿ ಟೋಪಿ, ಬಿಳಿ ಜುಬ್ಬಾ. ಬಂದವರೆಲ್ಲ ಅವನ ಎರಡೂ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು.

“ಅವರು ನಿನ್ನ ಹತ್ತಿರ ಬರಬಾರ್ದು ಅಂತ ಜಾಮೀನಿನ್ಯಾಗ ಬರ್ದದ.”

“ಅವರು ಎಲ್ಲಿಗೂ ಬಂದಿಲ್ರಿ. ನಾವಾ ಅವರ ಮನ್ಯಾಗ ಇದ್ದೀವಿ.” ಕೇಸಾದ ಮೇಲೆ ಬುರ್ಹಾನುದ್ದೀನ್ ಮನೆ ಬಿಡಿ ಅಂದಿದ್ದ. ತೀರ್ಪು ಬರುವ ತನಕ ಇರುತ್ತೇವೆಂದು ಮುದಸ್ಸಿರ್ ಅವನ ಕಾಲು ಹಿಡಿದಿದ್ದ.

*

ಹೋದ ವರ್ಷ ಕೇಂದ್ರದ ಪಡಸಾಲೆಯಲ್ಲಿ ಯಮನಮ್ಮ ಚೀಲ ಎತ್ತಿಕೊಂಡು ಹೊರಟು ನಿಂತಿದ್ದಳು. ಊರಿನವರು ರಾಜಿಯಾಗು ಅಂದಿದ್ದರು. ಹುಡುಗಿಯ ಹೆಸರು ಊರ ಬಾಯಿಗೆ ಬೀಳುತ್ತದೆ, ನಾಳೆ ಯಾರು ಮದುವೆಯಾಗುತ್ತಾರೆ ಅಂದಿದ್ದರು.

“ಮುಚ್ಚಿಬಿಟ್ರ ಮರೀತದ ಕೂಸು,” ಎಂದಳು ಯಮನಮ್ಮ.

“ಮರಿಯಂಗಿಲ್ಲ,” ಎಂದಳು ಅಮೀರ್ ಬೀ.

“ನಿನಗ ಹೆಂಗ ಗೊತ್ತು? ನಿನ್ನ ಮಕ್ಕಳಿಗೆ ಆಗಿದ್ರ ತಿಳೀತಿತ್ತು.”

ಅಮೀರ್ ಬೀ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. “ನಾ ಮುಚ್ಚೀನಿ. ನನ್ನ ಕೈಯಾರೆ ಸಬಕಾರ ಹಚ್ಚಿ ತಿಕ್ಕೀನಿ. ನನ್ನ ಮಗಳು ಇದಾ ಊರಾಗ ಅದಾಳ, ನನ್ನ ಮಾರಿ ನೋಡಂಗಿಲ್ಲ.”

ಯಮನಮ್ಮ ಚೀಲ ಕೆಳಗಿಟ್ಟಳು. ಅಮೀರ್ ಬೀ ಕೈ ಒರೆಸಿಕೊಳ್ಳುತ್ತ ಸುಜಾತಾಳ ಕೋಣೆಗೆ ಹೋಗಿ ನಿಂತಳು. ಏಳು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಳು. “ಮೇಡಂ, ನನ್ನ ಮಗಳದೊಂದು ಅದ. ಈಗ ಆಗ್ತದೇನ್ರಿ?”

ಆ ಸಂಜೆ ಟೈಪಿಂಗ್ ಅಂಗಡಿಯ ಮುಂದೆ ನಿಂತ ತಾಯಿಯನ್ನು ಮಿನಾಜ್ ಒಳಗೆ ಕರೆಯಲಿಲ್ಲ. ಅಮೀರ್ ಬೀ ರಸ್ತೆಯಲ್ಲೇ ನಿಂತು ಹೇಳಿದಳು: “ನಿಂದೇನೂ ತಪ್ಪಿರಲಿಲ್ಲ ಬೇಟಾ. ಹೇಳಿದ್ದು ಛಲೋ ಮಾಡಿದ್ದಿ. ನಾ ಕೇಳಿಸ್ಕೊಳ್ಳಲಿಲ್ಲ.”

ಒಂದು ವಾರ ಬಿಟ್ಟು ಮಿನಾಜ್ ತಾನಾಗಿ ಕೇಂದ್ರಕ್ಕೆ ಬಂದಳು. ಇಪ್ಪತ್ತೊಂದು ವರ್ಷದವಳು ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತು, ಎರಡು ತಾಸು ಹೇಳಿದಳು. ಹೊರಗೆ ತಾಯಂದಿರು ಕೂರುವ ಜಾಗದಲ್ಲಿ ಅಮೀರ್ ಬೀ ಕೂತಿದ್ದಳು. ತನ್ನ ಮಗಳ ತಾರೀಖಿಗೆಂದು ಬಂದಿದ್ದ ಯಮನಮ್ಮ ಒಳಗೆ ಹೋಗಿ ಚಹಾ ಮಾಡಿ ತಂದು ಅವಳ ಕೈಗಿಟ್ಟಳು.

*

ಮುದಸ್ಸಿರ್ ಅಡುಗೆಮನೆಗೆ ಬಂದ. ಸುಜಾತಾಳನ್ನು ಕಂಡು ತಡೆದ, ಆಮೇಲೆ ಹೇಳಿಯೇಬಿಟ್ಟ.

“ಮಿನಾಜ್, ಮಯ್ಯತ್ ಎತ್ತೋ ಮೊದ್ಲು ನಾ ಮಾಫಿ ಕೇಳ್ತೀನಿ. ಅಮ್ಮೀದು ಏನಾರ ಅಂದಿದ್ದು ಆಡಿದ್ದು ಇದ್ರ ಮಾಫ್ ಮಾಡ್ರಿ ಅಂತ. ಎಲ್ಲಾರೂ ಮಾಫ್ ಕಿಯಾ ಅಂತಾರ. ಆವಾಗ ನೀನು ಜೋರಾಗಿ ಹೇಳಬೇಕು. ಈ ಮನಿದೆಲ್ಲ ಮಾಫ್ ಅಂತ. ಬಡೇ ಅಬ್ಬಾದೂ.”

“ಯಾರು ಹೇಳಿಕೊಟ್ರು?”

ಅವನು ನೆಲ ನೋಡಿದ. “ಬಡೇ ಅಬ್ಬಾನ ವಕೀಲ್ರು ಅಂದಾರಂತ, ಜಮಾತಿನ ಮುಂದ ಆತಂದ್ರ...”

“ನಾಳೆ ಕೋರ್ಟಿನ್ಯಾಗ ಐವತ್ತು ಮಂದಿ ಬಂದು, ಇಕಿ ಮಾಫ್ ಮಾಡ್ಯಾಳ, ಸುಳ್ಳ ಕೇಸ್ ಹಾಕಿದ್ಲು ಅಂತಾರ,” ಎಂದಳು ಸುಜಾತಾ.

“ನೀವು ಸುಮ್ನಿರ್ರಿ ಮೇಡಂ!” ಮುದಸ್ಸಿರನ ದನಿ ಒಡೆಯಿತು. “ನೀವು ಸಂಜಿಗೆ ರಾಯಚೂರಿಗೆ ಹೋಗ್ತೀರಿ. ನಾ ಎಲ್ಲಿಗೆ ಹೋಗ್ಲಿ? ಅಂಗಡಿ ಅವರದು, ಮನಿ ಅವರದು. ಅಮ್ಮೀ ಹೋದ್ಲು. ಇನ್ನ ಯಾರಿಗೋಸ್ಕರ ಈ ಕೇಸು, ಮಿನಾಜ್?”

ಅವನ ಗಲ್ಲಗಳು ಒಳಗೆ ಸೇರಿಕೊಂಡಿದ್ದವು. ಮಿನಾಜ್‌ಗೆ ಅಣ್ಣನ ಮೇಲೆ ಸಿಟ್ಟು ಬರಲಿಲ್ಲ. ಸುಸ್ತಾಯಿತು. ಹನ್ನೆರಡು ವರ್ಷದ ಸುಸ್ತು.

ಅವನು ಹೋದ ಮೇಲೆ ಅವಳು ಸುಜಾತಾಳನ್ನು ಕೇಳಿದಳು. “ನಾಳೆ ನನ್ನ ಜೋಡಿ ಯಾರು ಬರ್ತಾರ್ರಿ? ಅಮ್ಮೀ ಇರ್ತಾಳಂತ ಅನ್ಕೊಂಡಿದ್ದೆ.”

“ನಾ ಇರ್ತೀನಿ.”

“ನಾನೂ ಬರ್ತೀನಿ,” ಎಂದಳು ಬಾಗಿಲಲ್ಲಿದ್ದ ಯಮನಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಕೋರ್ಟಿನ್ಯಾಗ ಹೆಣ್ಮಕ್ಕಳ ಪಾಯಖಾನಿ ಎಲ್ಲದ ಅಂತ ನನಗ ಗೊತ್ತು. ಈ ಮೇಡಂಗೂ ಗೊತ್ತಿಲ್ಲ.”

*

ಜನಾಜಾದ ಮಂಚವನ್ನು ಒಳಗೆ ತಂದು ಅಮೀರ್ ಬೀಯನ್ನು ಅದರ ಮೇಲೆ ಮಲಗಿಸಿ ಚಾದರ ಹೊದಿಸಿದರು. ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಅವರ ಪಾಲಿನ ದಾರಿ ಈ ಹೊಸ್ತಿಲಿಗೆ ಮುಗಿಯುತ್ತದೆ.

ಮುದಸ್ಸಿರ್ ಹೊಸ್ತಿಲಲ್ಲಿ ನಿಂತು ಒಳಗೂ ಹೊರಗೂ ಕೇಳುವಂತೆ ಹೇಳಿದ. “ನಮ್ಮ ಅಮ್ಮೀ ಕಾ ಕಹಾ ಸುನಾ ಮಾಫ್ ಕರೋ.”

“ಮಾಫ್ ಕಿಯಾ,” ಎಂದರು ಹೊರಗೆ ಗಂಡಸರು. “ಮಾಫ್ ಕಿಯಾ,” ಎಂದರು ಒಳಗೆ ಹೆಂಗಸರು. ಯಮನಮ್ಮ ಪಕ್ಕದವಳನ್ನು ನೋಡಿ ತಾನೂ ಅಂದಳು.

“ಮಿನಾಜ್,” ಎಂದ ಮುದಸ್ಸಿರ್.

ಮಿನಾಜ್ ಬಗ್ಗಿ ತಾಯಿಯ ಮುಖದ ಮೇಲಿನ ಬಟ್ಟೆ ಸರಿಸಿದಳು. ನೋಡಿದಳು, ತುಂಬ ಹೊತ್ತು. “ಮಾಫ್ ಕಿಯಾ, ಅಮ್ಮೀ,” ಅಂದಳು. ಎಷ್ಟು ಮೆಲ್ಲಗೆಂದರೆ ಹಸೀನಾ ಬೇಗಂ ಒಬ್ಬಳಿಗೇ ಕೇಳಿಸಿತು. ಇಪ್ಪತ್ತು ವರ್ಷ ಮಯ್ಯತ್ ತೊಳೆದೂ ಅಳದಿದ್ದ ಹಸೀನಾ ಬೇಗಂ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

“ಜೋರಾಗಿ. ಎಲ್ಲಾದೂ ಹೇಳು,” ಎಂದ ಮುದಸ್ಸಿರ್. “ಬಡೇ ಅಬ್ಬಾದೂ.”

ಮಿನಾಜ್ ಎದ್ದು ನಿಂತಳು. ಈ ಸಲ ಬೇವಿನ ಮರದ ಕೆಳಗಿದ್ದವರಿಗೂ ಕೇಳಿಸಿತು.

“ಯಾಕ, ಬಡೇ ಅಬ್ಬಾ ಸತ್ತಾರೇನು?”

ಹೊರಗೆ ಕುರ್ಚಿಯೊಂದು ಕಿರುಗುಟ್ಟಿತು. ಬುರ್ಹಾನುದ್ದೀನ್ ಯಾವ ಮಾತೂ ಆಡದೆ, ಯಾರ ಮುಖವನ್ನೂ ನೋಡದೆ, ಪಕ್ಕದ ಬಾಗಿಲಿನಿಂದ ಒಳಗೆ ಬಂದ. ಹೆಂಗಸರು ಸರಿದು ದಾರಿ ಬಿಟ್ಟರು. ಅದು ಅವನ ಮನೆ. ಮಂಚದ ಮುಂದಿನ ಮೂಲೆಯಲ್ಲಿ ನಿಂತು ಹಿಡಿಕೆಗೆ ಕೈ ಹಾಕಿದ. ಮುಂದಿನ ಇನ್ನೊಂದು ಹಿಡಿಕೆಗೆ ಮುದಸ್ಸಿರ್, ಹಿಂದೆ ಓಣಿಯ ಇಬ್ಬರು. ಕಲಿಮಾ ಹೇಳುತ್ತ ಎತ್ತಿದರು.

ಅಷ್ಟರಲ್ಲಿ ಮಿನಾಜ್ ಹೊಸ್ತಿಲ ಮೇಲಿದ್ದಳು.

“ಬಾಜೂಕ ಸರಿ, ಮಿನಾಜ್. ದಾರಿ ಬಿಡು,” ಎಂದ ಮುದಸ್ಸಿರ್.

“ಮೊದ್ಲು ಅವರು ಕೈ ಬಿಡ್ಲಿ. ಹೊರಗ ಇಷ್ಟು ಮಂದಿ ಅದಾರ, ಯಾರರೆ ಬರ್ಲಿ.”

“ಹುಚ್ಚೀ ಹಂಗ ಮಾಡಬ್ಯಾಡ. ನಮಾಜಿನ ಹೊತ್ತಾತು.”

“ಏ ಹುಡುಗೀ, ಮಯ್ಯತ್ ಕಾಯಾಕತ್ತದ,” ಎಂದು ಅಂಗಳದಿಂದ ಹಿರಿಯರೊಬ್ಬರು ಗದರಿದರು. “ಹಿರೇರಿಗೆ ಎದುರಾಡ್ತಾರೇನು? ಸರಿ ಅತ್ಲಾಗ!”

ಮಿನಾಜ್ ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು ನಿಂತಳು. ಮಂಚ ನಡುಮಟ್ಟದಲ್ಲಿ ತೂಗುತ್ತಿತ್ತು. ಹಿಂದಿನ ಇಬ್ಬರ ತೋಳು ನಡುಗತೊಡಗಿತ್ತು. ಮುದಸ್ಸಿರ್ ತಂಗಿಯನ್ನು ನೋಡಿದ, ಪಕ್ಕದ ಬಿಳಿ ಜುಬ್ಬಾದ ತೋಳನ್ನು ನೋಡಿದ. ಬುರ್ಹಾನುದ್ದೀನನ ಬೆರಳುಗಳು ಹಿಡಿಕೆಯ ಮೇಲೇ ಇದ್ದವು.

“ಸರಿಯಂಗಿಲ್ಲ,” ಎಂದಳು ಮಿನಾಜ್.