ಮೂವತ್ತೇಳರ ಪಾದ

ಬೈರೂತಿನ ಪಕ್ಕದ ಬುರ್ಜ್ ಹಮ್ಮೂದಿನ ಶೂ ಹೊಲಿಯುವ ಗಲ್ಲಿಗಳಲ್ಲಿ ಹೆಂಗಸರ ಶೂ ಯಾವುದೇ ಇರಲಿ, ಮೊದಲ ಮಾದರಿ ಮೂವತ್ತೇಳನೇ ಅಳತೆಯದ್ದೇ. ಅಜ್ನೀವಳ ಪಾದ ದೇವರೇ ಅಳೆದು ಮಾಡಿದಂತೆ ಮೂವತ್ತೇಳು. ಮದುವೆಯಾದಂದಿನಿಂದ ಗಂಡ ಖೋರೆನ್ ಹೊಲಿದ ಎತ್ತರ ಹಿಮ್ಮಡಿಯ ಪ್ರತಿ ಜೋಡಿಯೂ ಮೊದಲು ಅವಳ ಕಾಲಿಗೇ ಏರಿತು. ದಿನವಿಡೀ ಅದರಲ್ಲೇ ಅಡುಗೆ, ಮಾರ್ಕೆಟ್ಟು, ಇಗರ್ಜಿ ಮುಗಿಸಿ, ಹಿಡಿಯುವ ಜಾಗಕ್ಕೆ ಬೆರಳಿಟ್ಟು ತೋರಿಸುವಳು. ಅವನು ಶೂ ಹೊಲಿಯುವ ಮರದ ಅಚ್ಚನ್ನು ಅಲ್ಲಿಗೆ ಸರಿಯಾಗಿ ತಿದ್ದುವನು. ಬೈರೂತಿನ ಹೆಂಗಸರು ಕಾಲಲ್ಲಿ ಆಣಿಯಿಲ್ಲದೆ ಕುಣಿದರು; ಅವರ ಆಣಿಗಳೆಲ್ಲ ಅಜ್ನೀವಳ ಪಾಲಿಗೆ ಬಂದವು.

ಈಗ ಅವಳ ಹೆಬ್ಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿದೆ. ಗಂಡನ ಹಳೆಯ ಚಪ್ಪಲಿಯೊಂದನ್ನು ಬಿಟ್ಟರೆ ಅವಳ ಕಾಲು ಯಾವುದರೊಳಗೂ ಹೋಗುವುದಿಲ್ಲ.

ಒಂದು ಶನಿವಾರ ಖೋರೆನ್ ಮದುಮಗಳ ಶೂವಿನ ಹೊಸ ಮಾದರಿ ಒಂದು ಜೋಡಿ ತಂದು ಮಗಳ ಮುಂದಿಟ್ಟ. ಮಾರಲಳಿಗೆ ಹದಿನೇಳು.

"ನಿಂದೂ ಮೂವತ್ತೇಳೇ ತಾನೆ? ಹಾಕ್ಕೊಂಡು ನೋಡು, ಪುಟ್ಟಿ."

"ಅಯ್ಯೋ ಅಪ್ಪಾ, ಎಷ್ಟು ಚೆನ್ನಾಗಿದೆ!"

"ಬೇಡ," ಅಂದಳು ಅಜ್ನೀವ್.

"ಶುರುವಾಯ್ತು ಪಾದ್ರಿಗಳ ಉಪದೇಶ," ಎಂದು ಖೋರೆನ್ ನಕ್ಕ.

"ನಗು, ನಗು. ಹಾಕಲೇಬೇಕಂದ್ರೆ ದಿನಕ್ಕೆ ಅರ್ಧ ಗಂಟೆ. ಮುಂಗಾಲಿನ ಕೆಳಗೆ ಮೆತ್ತೆ ಇಡು. ಒಳಗೆ ಬೆರಳು ಆಡೋಷ್ಟು ಜಾಗ ಬಿಡು. ಬಿಚ್ಚಿದ ಮೇಲೆ ಅವಳು ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆದು ಸಡಿಲಿಸ್ಲಿ."

"ಮೆತ್ತೆ ಇಟ್ರೆ ಎಲ್ಲಿ ನೋಯುತ್ತೆ ಅಂತ ಹೆಂಗೆ ಗೊತ್ತಾಗಬೇಕು, ಅಜ್ನೀವ್? ನೋವು ತಿಳಿಯೋಕೆ ತಾನೆ ಹಾಕೋದು?"

ಹೇಳಿಬಿಟ್ಟ ಮೇಲೆ ಅವನಿಗೇ ಆ ಮಾತು ಕೇಳಿಸಿತು. ಅಜ್ನೀವ್ ಚಪ್ಪಲಿ ಬಿಟ್ಟು, ಕೆಲಸದ ಮಣೆಯ ಮೇಲಿದ್ದ ಕಾಗದದ ಮೇಲೆ ಬಲಗಾಲಿಟ್ಟಳು.

"ಬರಿ."

ಖೋರೆನ್ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ. ಹಿಮ್ಮಡಿಯಿಂದ ಹೊರಟ ಗೆರೆ ಹೆಬ್ಬೆರಳ ಬುಡದ ಗಂಟಿಗೆ ಬಂದು ನಿಂತಿತು, ಅದನ್ನು ಬಳಸಿತು. ಕಾಲು ತೆಗೆದಾಗ ಕಾಗದದಲ್ಲಿ ಉಳಿದದ್ದು ಅವನ ಯಾವ ಅಚ್ಚಿಗೂ ಹೊಂದದ ಆಕಾರ. ಮಾರಲ್ ಅದನ್ನು ನೋಡಿ ಮದುಮಗಳ ಶೂಗಳನ್ನು ಡಬ್ಬಿಯೊಳಗೆ ಹಾಕಿದಳು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದ ಖೋರೆನ್.

"ದಿನಾ ಹೇಳ್ತಿದ್ನಲ್ಲ. ಇಲ್ಲಿ ಹಿಡೀತದೆ ಅಂತ."

ಮಗಳನ್ನು ಅವನು ಮತ್ತೆ ಕೇಳಲಿಲ್ಲ. ಆದರೆ ಶೂ ತರಿಸುವ ಅಂಗಡಿಯವನಿಗೆ ಮಾದರಿ ಬೇಕೇ ಬೇಕಿತ್ತು. ದಿನಗೂಲಿಗೆ ಶೂ ಹಾಕಿ ನೋಡಲು ಮೂವತ್ತೇಳರ ಪಾದದ ಒಬ್ಬ ಹುಡುಗಿಯನ್ನು ಸೋಮವಾರ ಅವನೇ ಕಳಿಸಿಕೊಟ್ಟ. ಗುಫ್ರಾನ್ ಎಂದು ಹೆಸರು, ಯುದ್ಧಕ್ಕೆ ಹೆದರಿ ಸಿರಿಯಾದ ಅಲೆಪ್ಪೊ ಬಿಟ್ಟು ಬಂದವಳು, ಮಾರಲಳಿಗಿಂತ ಒಂದು ವರ್ಷಕ್ಕೆ ದೊಡ್ಡವಳಿರಬಹುದು.

ಸಂಜೆ ಅಜ್ನೀವ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಶೂ ಬಿಚ್ಚಿ, ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಕಿರುಬೆರಳು ದಾಳಿಂಬೆ ಕಾಳಿನ ಹಾಗೆ ಕೆಂಪಾಗಿತ್ತು.

"ಎಲ್ಲಿ ನೋಯ್ತದೆ ಹೇಳಮ್ಮ. ಮುಚ್ಚಿಡಬೇಡ."

ಹುಡುಗಿ ಖೋರೆನ್‌ನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು.

"ಎಲ್ಲೂ ನೋಯ್ತಿಲ್ಲ, ಚಿಕ್ಕಮ್ಮ. ನಾಳೆನೂ ಬರ್ಲಾ?"

ಅಜ್ನೀವ್ ಆ ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು. ಬಾ ಎಂದರೆ ಈ ಬೆರಳು ಕೆಡುತ್ತಿತ್ತು, ಬೇಡ ಎಂದರೆ ಇವಳ ಕೂಲಿ ತಪ್ಪುತ್ತಿತ್ತು.