ಸುಕೇಶನ ಮೊಣಕಾಲಿನ ಗುರುತು

ಮಣಿಪಾಲದ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಹೊತ್ತು ಸಂಜೆ ಐದಕ್ಕೆ ಮುಗಿಯುತ್ತದೆ. ಕೆಮ್ಮಣ್ಣಿನ ವೆರೊನಿಕಾ ಕೌಂಟರಿಗೆ ಬಂದಾಗ ನಾಲ್ಕೂವರೆ. ಮೂರನೇ ಮಾಳಿಗೆಯಲ್ಲಿ ಮಗಳು ಗ್ಲೋರಿಯಾ, ಪಕ್ಕದಲ್ಲಿ ನಿನ್ನೆ ಹುಟ್ಟಿದ ಮೊಮ್ಮಗಳು. ಇನ್ನೂ ಮಗುವಿನ ಮುಖ ನೋಡಿಲ್ಲ ಎಂದು ಅಜ್ಜಿ ಕೌಂಟರಿನಲ್ಲಿ ಹೇಳಿಕೊಂಡರು.

"ಬಾಯಮ್ಮ, ಮೊಬೈಲಿನ ಗುರುತಿನ ಚೀಟಿ ಇಲ್ಲಿ ಹಿಡಿಯಿರಿ," ಎಂದು ಕೌಂಟರಿನ ಸುಕೇಶ್ ಸ್ಕ್ಯಾನರ್ ತೋರಿಸಿದ.

ಅಳಿಯ ಡೆರಿಕ್ ಹಾಕಿಕೊಟ್ಟ ಆ್ಯಪು ಅದು. ಚೀಟಿ ನಿಮ್ಮ ಕೈಯಲ್ಲೇ ಇರುತ್ತದೆ, ಯಾರಿಗೆ ತೋರಿಸುವುದೆಂದು ನೀವೇ ನೋಡಿಕೊಳ್ಳಿ ಎಂದಿದ್ದ. ವೆರೊನಿಕಾ ಕನ್ನಡಕ ಏರಿಸಿ ಓದಿದರು: 'ಕೇಳುತ್ತಿರುವವರನ್ನು ನೀವು ನಂಬುತ್ತೀರಾ?'

"ನೀನು ಯಾವ ಮನೆಯವನು ಮಾರಾಯ?"

"ನಾನು ನಿಮ್ಮನ್ನು ಕೇಳಬೇಕಾದದ್ದು! ಹೌದು ಅಂತ ಒತ್ತಿ, ಎಲ್ಲರೂ ಒತ್ತುತ್ತಾರೆ."

"ಗೊತ್ತಿಲ್ಲದೆ ಒತ್ತಿದರೆ ಸುಳ್ಳು ಹೇಳಿದ ಹಾಗೆ ಅಲ್ವಾ?"

ಹಿಂದೆ ಸಾಲು ಬೆಳೆಯುತ್ತಿತ್ತು. ಸುಕೇಶ್ ಸೋತು ಹೇಳಿದ: "ಕಾರ್ಕಳ. ಆನೆಕೆರೆ ಹತ್ತಿರದ ತಾರಾನಾಥರ ಮಗ."

"ಹಾಗಾದರೆ ನಮ್ಮ ಬರ್ತಾಳ ನೆರೆಮನೆ!" ವೆರೊನಿಕಾ ತಂಗಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದರು.

"ತಾರಾನಾಥರ ಮಗನಾ?" ಎಂದಳು ಬರ್ತಾ. "ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು. ನಮ್ಮ ಹಲಸಿನ ಮರದಿಂದ ಬಿದ್ದ ಗಾಯದ ಕಲೆ ಉಂಟಾ ನೋಡು. ಬಲ ಮೊಣಕಾಲು."

ಸುಕೇಶ್ ಸುತ್ತ ನೋಡಿ, ಕೌಂಟರಿನಿಂದ ಹೊರಬಂದು, ಪ್ಯಾಂಟು ಮೇಲೆತ್ತಿದ.

"ಉಂಟು. ಆದರೆ ಎಡದಲ್ಲಿ!" ಎಂದರು ವೆರೊನಿಕಾ.

"ಅವನೆದುರು ನಿಂತು ನೋಡಿದರೆ ಹಾಗೇ. ಪಕ್ಕಕ್ಕೆ ಹೋಗು."

ವೆರೊನಿಕಾ ಅವನ ಪಕ್ಕ ನಿಂತು, ತಮ್ಮ ಬಲಗೈ ಎತ್ತಿ ಹೋಲಿಸಿ, "ಬಲವೇ," ಎಂದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ಐವತ್ತು.

"ನಿಲ್ಲು," ಎಂದಳು ಬರ್ತಾ. "ಈಗ ಫೋನಿನಲ್ಲಿ ಎಂತೆಂತ ಮೋಸ. ನೀನು ವೆರೊನಿಕಾನೇ ಅಂತ ಎಂತ ಗ್ಯಾರಂಟಿ? ಆ ಹುಡುಗನಿಗೆ ಕೊಡು, ಅವನು ಹೇಳಲಿ."

"ಚೀಟಿ ತೋರಿಸದೆ ನಾನು ಹೇಗೆ ಹೇಳುವುದು ಬರ್ತಾಬಾಯಿ?"

"ನೀನು ಹೇಳದೆ ನಾನು ಒಪ್ಪುವುದಿಲ್ಲ, ನಾನು ಒಪ್ಪದೆ ಅವಳು ತೋರಿಸುವುದಿಲ್ಲ."

ಸುಕೇಶ್ ಒಂದು ಉಸಿರು ಬಿಟ್ಟ. "ನಿನ್ನೆ ಹುಟ್ಟಿದ ಮೊಮ್ಮಗಳನ್ನು ಮೇಲೆ ಬಿಟ್ಟು, ಇಲ್ಲಿ ನನ್ನ ಮೊಣಕಾಲು ನೋಡುತ್ತಾ ನಿಂತಿದ್ದಾರೆ."

"ಹಾಗಾದರೆ ನನ್ನ ಅಕ್ಕನೇ. ಸಂಶಯವೇ ಬೇಡ."

ವೆರೊನಿಕಾ 'ಹೌದು' ಒತ್ತಿದರು. ಸ್ಕ್ಯಾನರ್ ಪೀಂ ಎಂದಿತು. ಸೆರಗು ಬಿಗಿದು ಲಿಫ್ಟಿಗೆ ಓಡಿದರು. ಕೈಯಲ್ಲಿ ಇನ್ನು ಏಳು ನಿಮಿಷ.

ಸುಕೇಶ್ ಪ್ಯಾಂಟು ಇಳಿಸುವಷ್ಟರಲ್ಲಿ ಸಾಲಿನಲ್ಲಿದ್ದ ಉಚ್ಚಿಲದ ಧರ್ಮಪಾಲ ಮೊಬೈಲು ಹಿಡಿದು ಮುಂದೆ ಬಂದರು. "ನನಗೂ ಇದು ಅದನ್ನೇ ಕೇಳುತ್ತಾ ಉಂಟು. ಇಳಿಸಬೇಡ ಮಾರಾಯ, ಒಮ್ಮೆ ನೋಡಿಬಿಡುತ್ತೇನೆ."