‘ತೂಗು’ ಸಿಗುತ್ತಿಲ್ಲ

೧

೨೦೨೩ರ ಮಾರ್ಚ್ ೧೪, ಮಂಗಳವಾರ, ಬೆಳಿಗ್ಗೆ ೯.೪೦. ಹೀಗೆ ಶುರು ಮಾಡಿದರೆ ಪೊಲೀಸ್ ವರದಿಯಂತಿದೆ ಎಂದು ಸೊಸೆಯ ತಕರಾರು. (ಕಥೆ ಅವಳದೇ, ಸಹಿಸಿಕೊಳ್ಳಬೇಕು.) ಮಾವ-ಸೊಸೆ ನಡೆಸುವ ರಿಪೇರಿ ಅಂಗಡಿಯ ಮೇಜಿನ ಮೇಲೆ, ಆಸ್ಪತ್ರೆಯ ಕೂಸುಗಳ ವಾರ್ಡಿನ ತೂಕದ ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಹನ್ನೊಂದಕ್ಕೆ ನರ್ಸ್ ಬರುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸೊಂದು ೧,೮೦೦ ಗ್ರಾಂ ದಾಟಿದ್ದರೆ ಇವತ್ತೇ ಮನೆಗೆ. ಇಲ್ಲದಿದ್ದರೆ ಇನ್ನೊಂದು ವಾರ ಗಾಜಿನ ಪೆಟ್ಟಿಗೆ.

೨

ಯಂತ್ರದ ಹಳೆಯ ಪ್ರೋಗ್ರಾಂ ಮಾವ ‘ಸಿ’ ಭಾಷೆಯಲ್ಲಿ ಬರೆದದ್ದು. ಹೊಸ ಪರದೆಗಾಗಿ ಸೊಸೆ ‘ಸಿ ಪ್ಲಸ್ ಪ್ಲಸ್’ನಲ್ಲಿ ಬರೆದಿದ್ದಾಳೆ. ಎರಡನ್ನೂ ಜೋಡಿಸಬೇಕಾದ ಲಿಂಕರ್, ತೂಗುವ ಫಂಕ್ಷನ್ನೇ ಸಿಗಲಿಲ್ಲ ಎಂದು ಕೈಚೆಲ್ಲಿತು. ಮಾವನ ಕಂಪೈಲರ್, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ, ಅದನ್ನು toogu ಎಂದು ಬರೆದಿಟ್ಟಿದೆ. ಸೊಸೆಯದು _Z5toogud ಎಂದು ಹುಡುಕುತ್ತಿದೆ. (ಅಚ್ಚಿನ ದೋಷವಲ್ಲ, ಓದುಗರೇ. ಹೆಸರಿಗೆ ಐದು ಅಕ್ಷರ, ಅದಕ್ಕೆ ಕೊಡುವುದು ದಶಮಾಂಶ ಸಂಖ್ಯೆ ಎಂದು ಪೂರ್ವಾಪರವನ್ನೆಲ್ಲ ಹೆಸರಿಗೇ ಅಂಟಿಸುವುದು ಅದರ ಚಾಳಿ.)

“ಹೆಸರಿಗೆ ಬಾಲಂಗೋಚಿ ಯಾಕಮ್ಮ?” ಮಾವ ಕನ್ನಡಕದ ಮೇಲಿಂದ ನೋಡಿದರು.

“ನಾಲ್ಕು ತೂಗು ಇದ್ರೆ ಯಾವುದು ಅಂತ ಗೊತ್ತಾಗ್ಬೇಕಲ್ಲ ಮಾವ.”

“ನಮ್ಮ ಕಾಲದಲ್ಲಿ ಒಂದೇ ಇತ್ತು. ಕರೆದ್ರೆ ಬರ್ತಿತ್ತು.”

೩

ಅವಳು extern "C" ಎಂದು ಸೇರಿಸಿದಳು: ಇದು ಸಿ ಮನೆಯದು, ಬಾಲ ಅಂಟಿಸಬೇಡ. ಲಿಂಕರ್ ತೆಪ್ಪಗೆ ಜೋಡಿಸಿತು. ಕಥೆಯನ್ನು ಇಲ್ಲಿಗೇ ಮುಗಿಸಿದ್ದೆ. (ಆ ಕರಡು ಬುಟ್ಟಿಯಲ್ಲಿದೆ.) ಅವಳು ಬಿಡಬೇಕಲ್ಲ, ಐನೂರು ಗ್ರಾಂನ ಹಿತ್ತಾಳೆ ಬಟ್ಟು ಇಟ್ಟು ನೋಡಿದಳು. ಪರದೆ ೭೩,೧೧೨ ಗ್ರಾಂ ಎಂದಿತು.

“ಹೆಚ್ಚುಕಮ್ಮಿ ನನ್ನಷ್ಟೇ ಇದೆ,” ಎಂದರು ಮಾವ. “ನನ್ನ ತೂಗು ಪೂರ್ಣಾಂಕ ತಗೊಳ್ಳುತ್ತೆ. ನೀನು ದಶಮಾಂಶ ಕೊಡ್ತಿದ್ದೀಯ.”

“ನಿಮ್ಮದಕ್ಕೂ ಬಾಲ ಇದ್ದಿದ್ರೆ ಲಿಂಕರೇ ಹೇಳ್ತಿತ್ತು.”

“ಕೇಳಿದ್ರೆ ನಾನೂ ಹೇಳ್ತಿದ್ದೆ.”

೪

ತಿದ್ದಿದಳು. ಬಟ್ಟು ಐನೂರಕ್ಕೆ ನಿಂತಿತು. ಹನ್ನೊಂದಕ್ಕೆ ಬಂದ ನರ್ಸ್ ಜೊತೆ, ಯಂತ್ರ ಹಿಡಿದು ಅವಳೂ ವಾರ್ಡಿಗೆ ಹೋದಳು. ನಾನು ಎರಡು ಅಂತ್ಯ ಬರೆದಿಟ್ಟಿದ್ದೆ. ಒಂದರಲ್ಲಿ ೧,೮೨೬, ತಾಯಿ ಅಳುತ್ತಲೇ ನಗುತ್ತಾಳೆ. ಇನ್ನೊಂದರಲ್ಲಿ ೧,೭೭೪, ಅಳು ಮಾತ್ರ.

“ಎರಡನ್ನೂ ಹರಿದುಹಾಕಿ,” ಎಂದಳು ಸೊಸೆ. “ಸರಿಮಾಡಿದ್ದು ನಾನು. ಯಂತ್ರ ಹೇಳಿದ್ದನ್ನ ಬರೀರಿ.”

ನರ್ಸ್ ಕೂಸಿನ ಬಟ್ಟೆ ತೆಗೆದು ಮಲಗಿಸಿದರು. ಅಂಕಿಗಳು ಕುಣಿದು ನಿಂತವು. ತಾಯಿ ನರ್ಸ್ ಮುಖ ನೋಡಿದಳು, ನರ್ಸ್ ಸೊಸೆಯ ಮುಖ, ಸೊಸೆ ನನ್ನ ಮುಖ. (ನನ್ನನ್ನೇಕೆ ನೋಡುತ್ತೀರಿ?) ‘ದಾಟಿದ್ದರೆ’ ಎಂದು ಮೊದಲ ಪ್ಯಾರಾದಲ್ಲೇ ಬರೆದುಬಿಟ್ಟಿದ್ದೇನೆ, ನೀವೂ ಓದಿಯಾಗಿದೆ. ಪರದೆಯ ಮೇಲೆ ೧,೮೦೦ ಗ್ರಾಂ.